ಕರ್ಪೂರದ ಚೂರಿನ ಓಟ ಜೀವಿಯ ನಡವಳಿಕೆಯೇ?

ಪರ

ಅಗಲ ತಟ್ಟೆಯೊಂದನ್ನು ಚೆನ್ನಾಗಿ ತೊಳೆದು, ಸೋಪಿನ ಅಂಶ ಉಳಿಯದ ಹಾಗೆ ಜಾಲಾಡಿ, ನೀರು ತುಂಬಿ. ಮೇಲೆ ಎರಡು ಚೂರು ಶುದ್ಧ ಕರ್ಪೂರ ಉದುರಿಸಿ. ಗಿರ್ರನೆ ತಿರುಗುತ್ತವೆ, ಅಂಚಿನ ಹತ್ತಿರ ಹೋಗಿ ಹಿಂದಿರುಗುತ್ತವೆ, ಎದುರಾದರೆ ದೂರ ಸರಿಯುತ್ತವೆ. ಗೊತ್ತಿಲ್ಲದವರು ಹುಳ ಅಂತಲೇ ಅಂದುಕೊಂಡಾರು.

ಒಳಗುಟ್ಟು ಸರಳ. ಕರ್ಪೂರ ಹರಡಿದ ಕಡೆ ನೀರಿನ ಮೇಲ್ಮೈಯ ಎಳೆತ ತಗ್ಗುತ್ತದೆ. ಎಳೆತ ಜಾಸ್ತಿ ಇರುವ ಕಡೆಗೆ ಚೂರು ಸರಿಯುತ್ತದೆ. ಹರಡಿದ್ದು ಆವಿಯಾಗುತ್ತಲೇ ಇರುವುದರಿಂದ ಓಟವೂ ನಡೆಯುತ್ತಲೇ ಇರುತ್ತದೆ. ದುಂಡಗಿನ ಚೂರಿಗೆ ಹಿಂದು ಮುಂದು ಅಂತ ಇರುವುದಿಲ್ಲ, ಆದರೂ ಅದು ಯಾವುದೋ ಒಂದು ದಿಕ್ಕು ಹಿಡಿದು ಹೊರಡುತ್ತದೆ. ತಳ್ಳುವವರು ಯಾರೂ ಇಲ್ಲ!

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು 2015ರಲ್ಲಿ ಇನ್ನೂ ಮಜವಾದದ್ದನ್ನು ವಿವರಿಸಿದರು. ಅಡುಗೆ ಬಣ್ಣದ ಹನಿಗಳನ್ನು ಶುಚಿಯಾದ ಗಾಜಿನ ಮೇಲಿಟ್ಟರೆ ಒಂದು ಹನಿ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಪಕ್ಕದ ಹನಿಯ ಆವಿಯೇ ಅದಕ್ಕೆ ಸುಳಿವು.

ರಷ್ಯದ ರಸಾಯನ ವಿಜ್ಞಾನಿ ಬೆಲೌಸೊವ್ 1951ರಲ್ಲಿ, ಬಣ್ಣ ಬದಲಿಸಿ ಮತ್ತೆ ಮೊದಲಿನ ಬಣ್ಣಕ್ಕೇ ಮರಳುವ ದ್ರಾವಣದ ಬಗ್ಗೆ ಬರೆದಾಗ, ಇದು ಸಾಧ್ಯವೇ ಇಲ್ಲ ಅಂತ ಸಂಪಾದಕರು ಲೇಖನ ವಾಪಸ್ ಕಳಿಸಿದ್ದರು. ಅದೇ ದ್ರಾವಣವನ್ನು ತೆಳುವಾಗಿ ಹರಡಿದರೆ ಸುರುಳಿ ಅಲೆಗಳು ಏಳುತ್ತವೆ. ಮಣ್ಣಿನಲ್ಲಿರುವ ಡಿಕ್ಟಿಯೊಸ್ಟೀಲಿಯಂ ಎಂಬ ಏಕಕೋಶ ಅಮೀಬಾಗಳು ಹಸಿದು ಗುಂಪುಗೂಡುವಾಗ ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂಕೇತವೂ ಅಂಥದೇ ಸುರುಳಿಯಾಗಿ ಹರಡುತ್ತದೆ. ಜೀವ ಈ ಆಟಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ, ಜಡದಿಂದ ಎರವಲು ಪಡೆಯಿತು. ನಡುವೆ ಗೋಡೆ ಎಬ್ಬಿಸುವುದು ಯಾಕೆ?

ವಿರೋಧ

ಅಟ್ಟಿಸಿಕೊಂಡು ಹೋಯಿತು, ದೂರ ಸರಿಯಿತು ಅನ್ನೋದೆಲ್ಲ ನೋಡುವವರ ಮಾತು. ಅದೇ ತಟ್ಟೆಯ ನೀರಿಗೆ ಎಣ್ಣೆಗೈ ತಾಗಿಸಿ, ಚೂರು ನಿಂತೇಬಿಡುತ್ತದೆ. ಅದಕ್ಕೆ ಎಷ್ಟು ಎಣ್ಣೆ ಬೇಕು ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1890ರಲ್ಲೇ ಅಳೆದಿದ್ದರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಎರಡು ಪಾಲಿನಷ್ಟೂ ದಪ್ಪವಿಲ್ಲದ ಪದರ ಸಾಕು. ನಿಂತ ಚೂರು ಆಮೇಲೆ ಏನು ಮಾಡುತ್ತದೆ? ಏನೂ ಇಲ್ಲ.

ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಹಾಗಲ್ಲ. ಸ್ವಲ್ಪ ದೂರ ನೇರ ಈಜಿ, ಪಲ್ಟಿ ಹೊಡೆದು, ಬೇರೆ ದಿಕ್ಕು ಹಿಡಿಯುತ್ತದೆ. ಕೆಲವು ಸೆಕೆಂಡು ಹಿಂದಿಗಿಂತ ಈಗ ಆಹಾರ ಜಾಸ್ತಿ ಸಿಗುತ್ತಿದ್ದರೆ ಪಲ್ಟಿ ಕಡಿಮೆ ಮಾಡುತ್ತದೆ. ಅಂದರೆ ಹಿಂದಿನದರ ನೆನಪು ಬೇಕು, ಅಲ್ವಾ? ಅದು ಆಹಾರದ ಸುಳಿವು ಹಿಡಿಯುವ ಗ್ರಾಹಕ ಪ್ರೋಟೀನುಗಳ ಮೇಲೆ ಗುರುತಾಗಿ ಉಳಿದಿರುತ್ತದೆ. ಗ್ಲೂಕೋಸ್ ಮುಗಿದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಉಳಿದರೆ, ಅದನ್ನು ಒಡೆಯುವ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಎರಡಾಗಿ ಒಡೆದಾಗ ಈ ವಿದ್ಯೆಯೂ ಮರಿಗಳ ಪಾಲಾಗುತ್ತದೆ. ಕರ್ಪೂರ ಮುರಿದರೂ ಎರಡು ಚೂರಾಗುತ್ತದೆ, ನಿಜ. ಆದರೆ ಮೊದಲಿಗಿಂತ ಒಂದು ಕಣವೂ ಹೆಚ್ಚಾಗುವುದಿಲ್ಲ.

ಇನ್ನು ಸುರುಳಿಯ ಮಾತು. ಎರಡೂ ಕಡೆ ಗಣಿತ ಹೋಲುತ್ತದೆ ಅಂತ ಒಪ್ಪೋಣ. ಅಮೀಬಾದ ಸಂಕೇತಕ್ಕೆ ಮಾತ್ರ ಒಂದು ಸಂದರ್ಭವಿದೆ, ಒಂದು ಕೆಲಸವಿದೆ. ತಿನ್ನಲು ಇರುವಷ್ಟು ದಿನ ಅವು ಒಂಟಿಯಾಗಿಯೇ ಇರುತ್ತವೆ. ಹಸಿವಾದಾಗ ಕೂಡಿ, ಕಾಂಡ ಕಟ್ಟಿ, ತುದಿಯಲ್ಲಿ ಬೀಜಾಣುಗಳಾಗುತ್ತವೆ. ಆ ಕಾಂಡವಾಗಿ ಸಾಯುವವು ಸುಮಾರು ಐದರಲ್ಲಿ ಒಂದು ಪಾಲು.