ಸ್ಕಾರ್ಫ್ ಯಾರಿಗೆ ಕೊಟ್ಟಿರಿ ಸ್ವಾಮಿ?

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ತಾಳ್ಮೆ ಇದ್ದವರು ಓದಿ, ಇಲ್ಲದವರು ಮುಂದೆ ಹೋಗಿ.

ನಮ್ಮ ಕಡೆಯ ಒಂದು ಹೈಸ್ಕೂಲಿನಲ್ಲಿ ಸ್ಕೌಟ್ಸ್-ಗೈಡ್ಸ್‌ನ ಗೈಡ್ಸ್ ಹುಡುಗಿಯರು ಪ್ರತಿಜ್ಞೆ ಮಾಡಿ, ಕೊರಳಿಗೆ ಸ್ಕಾರ್ಫ್ ಹಾಕಿಸಿಕೊಂಡು ಸದಸ್ಯರಾಗುವ ಕಾರ್ಯಕ್ರಮ ಇತ್ತು. ಅಲ್ಲಿಗೆ ನಾನ್ಯಾಕೆ ಹೋದೆ ಅಂತ ನಿಮಗೆ ಹೇಳಬೇಕಿಲ್ಲ, ಕೊಂಡಜ್ಜಿಯ ಗೈಡ್ಸ್ ಕ್ಯಾಂಪಿನ ಕಥೆ ಹೇಳಿ ಹೇಳಿ ನಿಮ್ಮ ತಲೆ ತಿಂದವಳು ನಾನೇ ಅಲ್ವಾ. ಆ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಈ ವರ್ಷ ಜ್ವರ ಬಂದು ತೀರಿಕೊಂಡಳು. ಗೈಡ್ಸ್‌ನ ಮೊದಲ ಹಂತವಾದ 'ಪ್ರವೇಶ'ದ ಪಾಠವೆಲ್ಲ ಮುಗಿಸಿದ್ದಳು. ಪ್ರಾರ್ಥನೆ, ನಿಯಮಗಳು, ಸೆಲ್ಯೂಟ್, ಎಲ್ಲ ಬರುತ್ತಿತ್ತು. ಪ್ರತಿಜ್ಞೆ ಒಂದು ಬಾಕಿ. ಅದಾಗದೆ ಸ್ಕಾರ್ಫ್ ಇಲ್ಲ, ಸದಸ್ಯತ್ವವೂ ಇಲ್ಲ. ಅವಳ ಗುಂಪಿನ ಮಕ್ಕಳು ಶಾಲೆಯ ಗೈಡ್ ತಂಡವನ್ನು, ಅಂದರೆ 'ಕಂಪನಿ'ಯನ್ನು, ನಡೆಸುವ ಕ್ಯಾಪ್ಟನ್ ಮೇಡಂ ಹತ್ತಿರ ಹೋಗಿ ಕೇಳಿದ್ದು ಇಷ್ಟೇ: ಅವಳ ಹೆಸರೂ ನಮ್ಮ ಕಂಪನಿಯಲ್ಲಿ ಇರಲಿ ಮಿಸ್, ಸ್ಕಾರ್ಫ್ ನಾವೇ ಅವರ ಮನೆಗೆ ಕೊಟ್ಟು ಬರುತ್ತೇವೆ.

ಎಷ್ಟು ಚಂದ ಕೇಳಿದ್ದವು! ದೊಡ್ಡವರು ಕೈ ಹಾಕಿದ್ದೇ ತಡ, ಕೆಟ್ಟಿತು.

ಫ್ಲೆಕ್ಸ್ ಬಂತು. ಅದರಲ್ಲಿ ಅತಿಥಿಗಳ ಮುಖ ಒಂದೊಂದೂ ಕುಂಬಳಕಾಯಿಯಷ್ಟು, ಹುಡುಗಿಯ ಮುಖ ಹುಡುಕಬೇಕು. ಮುಖ್ಯ ಅತಿಥಿ ಲೇಟು. ಆ ತಾಯಿಯನ್ನು ಬಿಸಿಲಲ್ಲಿ ಕಾಯಿಸಿ, ಆಮೇಲೆ ವೇದಿಕೆ ಹತ್ತಿಸಿ, ಕೈಗೆ ಸ್ಕಾರ್ಫ್ ಕೊಟ್ಟರು. ಫೋಟೋದವನು "ಅಮ್ಮಾ, ಈ ಕಡೆ ನೋಡಿ, ಇನ್ನೊಂದ್ಸಲ ತಗೊಳ್ಳಿ" ಅಂದ. ಅವರು ವಾಪಸ್ ಕೊಟ್ಟು ಇನ್ನೊಂದು ಸಲ ತಗೊಂಡರು. ಕೇಳಿದ ಮಕ್ಕಳು ಎಲ್ಲಿ? ಹಿಂದಿನ ಸಾಲಿನಲ್ಲಿ, ಚಪ್ಪಾಳೆ ಹೊಡೆಯೋಕೆ.

ಆ ಮಕ್ಕಳು ಒಂದು ಕಾರ್ಡ್ ಮಾಡಿದ್ದವು. ಅದರ ಮೇಲೆ ಒಂದು ವೃತ್ತ, ನಡುವೆ ಚುಕ್ಕಿ. ಕಾಡಲ್ಲಿ ಹಾದಿ ತೋರಿಸಲು ಕಲಿಸುವ ಗುರುತುಗಳಲ್ಲಿ ಅದು ಕೊನೆಯದು, 'ನಾನು ಮನೆಗೆ ಹೋಗಿದ್ದೇನೆ' ಅಂತ. ಸ್ಕೌಟಿಂಗ್ ಶುರು ಮಾಡಿದ, 1941ರಲ್ಲಿ ತೀರಿಕೊಂಡ ಬೇಡನ್ ಪೊವೆಲ್ ಅವರ ಸಮಾಧಿ ಕೀನ್ಯಾದ ನ್ಯೇರಿಯಲ್ಲಿದೆ, ಅದರ ಕಲ್ಲಿನ ಮೇಲೂ ಅದೇ ಗುರುತು. ವೇದಿಕೆಯಲ್ಲಿದ್ದ ಮಹಾನುಭಾವರೊಬ್ಬರು ಕಾರ್ಡ್ ತಿರುಗಿಸಿ ನೋಡಿ "ಇದೇನಮ್ಮಾ ಸೊನ್ನೆ?" ಅಂದರು.

ನನ್ನ ಪಕ್ಕ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಬೇರೆಯೇ ಚಿಂತೆ. ಪ್ರತಿಜ್ಞೆ ಮಾಡದವರಿಗೂ ಕೊಟ್ಟರೆ ಮಾಡಿದವರಿಗೆ ಏನು ಬೆಲೆ ಅಂತೆ. ಸಾರ್, ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗಿಂತ ನಮ್ಮ ಹೈಸ್ಕೂಲಿನ ಗೈಡ್ ಕಂಪನಿ ದೊಡ್ಡದಾ? 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿಗೆ 17 ಜನ ಸತ್ತರು. ಅವರಲ್ಲಿ 15 ವರ್ಷದ ಪೀಟರ್ ವಾಂಗ್ ಒಬ್ಬ. ನಮ್ಮ ಎನ್‌ಸಿಸಿ ತರಹದ ಜೂನಿಯರ್ ಆರ್‌ಒಟಿಸಿ ಕೆಡೆಟ್. ಬೇರೆಯವರು ತಪ್ಪಿಸಿಕೊಳ್ಳಲಿ ಅಂತ ಬಾಗಿಲು ಹಿಡಿದು ನಿಂತವನು. ವೆಸ್ಟ್ ಪಾಯಿಂಟ್ ಸೇರುವುದು ಅವನ ಕನಸಾಗಿತ್ತು. ಸತ್ತ ಮೇಲೆ ಅಕಾಡೆಮಿ ಅವನಿಗೆ 2025ರಲ್ಲಿ ಓದು ಮುಗಿಸುವ ಬ್ಯಾಚಿನ ಪ್ರವೇಶಪತ್ರ ಕೊಟ್ಟಿತು. ಯಾರ ಸೀಟೂ ಹೋಗಲಿಲ್ಲ. ಅಕಾಡೆಮಿಯ ಮರ್ಯಾದೆಯೂ ಹೋಗಲಿಲ್ಲ.

"ಅವನು ಹೀರೋ ಕಣಮ್ಮಾ, ಇವಳು ಜ್ವರ ಬಂದು ಹೋದವಳು" ಅಂದರು ಮೇಷ್ಟ್ರು. ಆಗ ನನಗೆ ನಿಜವಾಗಿ ಉರಿಯಿತು. ಪೀಟರ್‌ನ ಶೌರ್ಯಕ್ಕೆ ಅಲ್ಲಿನ ಸೈನ್ಯ ಬೇರೆ ಪದಕ ಕೊಟ್ಟಿತು. ಪದಕ ಬೇರೆ, ಸದಸ್ಯತ್ವ ಬೇರೆ. ಈ ಹುಡುಗಿಗೆ ಯಾರೂ ಪದಕ ಕೇಳಲಿಲ್ಲ. ಇವಳು ನಮ್ಮವಳು ಅಂತ ಗೆಳತಿಯರು ಹೇಳಿದರು, ಅಷ್ಟೇ. ಅದನ್ನು ಹೇಳೋ ಹಕ್ಕು ಅವರಿಗಲ್ಲದೆ ಇನ್ಯಾರಿಗಿದೆ?

ನಿಜ ಹೇಳಲಾ? ಸಾವಿನ ಮನೆಗೆ ಹೋಗೋದು ಅಂದರೆ ನನಗೂ ಭಯ. ಏನು ಮಾತಾಡಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು, ಒಂದೂ ತಿಳಿಯೋದಿಲ್ಲ. ದೊಡ್ಡವರಿಗೆ ವೇದಿಕೆ ಇಷ್ಟವಾಗೋದು ಅದಕ್ಕೇ ಇರಬೇಕು. ಮೈಕ್ ಇರುತ್ತೆ, ಹಾರ ಇರುತ್ತೆ, ಯಾರ ಮುಂದೆಯೂ ಸುಮ್ನೆ ಕೂರಬೇಕಿಲ್ಲ. ಆ ಮಕ್ಕಳಿಗೆ ಅಂಥ ಭಯ ಇರಲಿಲ್ಲ. ಹೋಗುತ್ತೇವೆ ಅಂದಿದ್ದವು. ಬಿಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕ್ಯಾಪ್ಟನ್ ಮೇಡಂ ಹತ್ತಿರ ಕಂಪನಿಯ ರಿಜಿಸ್ಟರ್ ಕೇಳಿದೆ. ಅವಳ ಹೆಸರೇ ಇಲ್ಲ! "ಕಾರ್ಯಕ್ರಮದ ಗಡಿಬಿಡಿ ಮೇಡಂ, ಆಮೇಲೆ ಬರೀತೀನಿ" ಅಂದರು. ಪಾಪ, ಅವರನ್ನು ಏನಂತ ಬೈಯಲಿ, ಊಟದ ವ್ಯವಸ್ಥೆಯೂ ಅವರದೇ ತಲೆ ಮೇಲಿತ್ತು.

ಆ ಶಾಲೆಯವರು ಇದನ್ನು ಓದೇ ಓದುತ್ತೀರಿ ಅಂತ ಗೊತ್ತು. ನನ್ನ ಮೇಲೆ ಆಮೇಲೆ ಸಿಟ್ಟು ಮಾಡಿಕೊಳ್ಳಿ. ನಾಳೆ ಬೆಳಗ್ಗೆ ಮೊದಲ ಪೀರಿಯಡ್‌ಗೆ ಮುಂಚೆ ರಿಜಿಸ್ಟರ್ ತೆಗೆದು ಆ ಹೆಸರು ಬರೀರಿ. ಬರೆಯೋಕೆ ಅವಳ ಗುಂಪಿನ ಮಕ್ಕಳನ್ನೇ ಕರೀರಿ.