ಅಳುವ ತಾಯಿಗೆ ನಂಬಿಕೆಯ ಪಾಠ ಹೇಳಬೇಡಿ

ನಿನ್ನೆ ಸಂಜೆ ಒಂದು ಮನೆಯಿಂದ ಹಿಂದಿರುಗಿದ ಮೇಲೆ ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ. 19 ವರ್ಷದ ಮಗನನ್ನು ಮಣ್ಣು ಮಾಡಿ ಇನ್ನೂ ಎರಡು ವಾರವೂ ಕಳೆಯದ ತಾಯಿಯ ಮನೆ ಅದು. ಪ್ರಾರ್ಥನೆಗೆಂದು ಹದಿನೈದಿಪ್ಪತ್ತು ಜನ ಸೇರಿದ್ದೆವು. ಆಕೆಯ ಕೈಯಲ್ಲಿ ಮಗನ ಕನ್ನಡಕವಿತ್ತು. ಅದರ ಕಡ್ಡಿಗಳನ್ನು ಬಿಡಿಸುವುದು, ಮಡಚುವುದು, ಮತ್ತೆ ಬಿಡಿಸುವುದು, ಇಷ್ಟನ್ನೇ ಆಕೆ ಮಾಡುತ್ತಿದ್ದಳು. ಎರಡನೆಯ ಗೀತೆ ಹಾಡುತ್ತಿರುವಾಗ ಆಕೆಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟಳು. ಹಾಡು ನಿಂತಿತು. ಆಗ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, ನಾನೂ ಗೌರವಿಸುವವರೇ, ಆಕೆಯ ಕಡೆಗೆ ಬಾಗಿ ಹೇಳಿದರು: "ಅಳಬೇಡಮ್ಮಾ, ಅತ್ತರೆ ದೇವರ ಚಿತ್ತವನ್ನು ಒಪ್ಪಿಕೊಳ್ಳಲಿಲ್ಲ ಎಂದಾಗುತ್ತದೆ. ವಿಶ್ವಾಸಿಗಳು ಹೀಗೆ ಕುಸಿಯಬಾರದು."

ಆಕೆ ಕಣ್ಣೊರೆಸಿಕೊಂಡು, ಕನ್ನಡಕವನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, "ಕ್ಷಮಿಸಿ ಅಣ್ಣಾ, ನನ್ನ ನಂಬಿಕೆ ಸಾಲದು" ಎಂದಳು.

ಮಗನನ್ನು ಕಳೆದುಕೊಂಡ ತಾಯಿ, ಅತ್ತದ್ದಕ್ಕಾಗಿ ನಮ್ಮೆಲ್ಲರ ಎದುರು ಕ್ಷಮೆ ಕೇಳಿದಳು. ಅಲ್ಲಿದ್ದ ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಆಡಬೇಕಾಗಿದ್ದ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಕಷ್ಟದಲ್ಲಿ ದೇವರನ್ನು ನಂಬುವುದೆಂದರೆ ಕಣ್ಣೀರು ಹಾಕದಿರುವುದು ಎಂದು ನಮ್ಮ ಜನಕ್ಕೆ ಕಲಿಸಿದವರು ಯಾರು? ಸತ್ಯವೇದವಂತೂ (ಬೈಬಲ್) ಅಲ್ಲ. ಅದರಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಅಳಲಿನ ಪ್ರಾರ್ಥನೆಗಳೇ. "ಎಷ್ಟರ ತನಕ" ಎಂಬ ಒಂದೇ ಪ್ರಶ್ನೆಯನ್ನು 13ನೆಯ ಕೀರ್ತನೆ ಮೊದಲ ಎರಡು ವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಯೆರೂಸಲೇಮು ಸುಟ್ಟು ಬೂದಿಯಾದ ಮೇಲೆ ಹುಟ್ಟಿದ ಪ್ರಲಾಪಗಳು ಎಂಬ ಗ್ರಂಥಕ್ಕೆ ಹೆಸರೇ ಅಳು. ಆ ಗ್ರಂಥದ 5 ಅಧ್ಯಾಯಗಳಲ್ಲಿ ನಾವು ಗೋಡೆಗೆ ತೂಗುಹಾಕಿಕೊಳ್ಳುವುದು ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದಾಗುತ್ತದೆ ಎಂಬ ಮಾತನ್ನು ಮಾತ್ರ. ಅದು ಮೂರನೆಯ ಅಧ್ಯಾಯದ ನಟ್ಟನಡುವೆ, ಎರಡೂ ಕಡೆ ಗೋಳಾಟದಿಂದ ಸುತ್ತುವರಿದು ನಿಂತಿದೆ ಎಂಬುದನ್ನು ನಾವು ನೋಡುವುದಿಲ್ಲ. ಸುತ್ತಲಿನ ಅಳುವನ್ನು ಕತ್ತರಿಸಿ ತೆಗೆದರೆ ಆ ಮಾತಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ನನ್ನ ಮನೆಯವರ, ಅಂದರೆ ನನ್ನ ಗಂಡನ, ಕಾಯಿಲೆಯ ಆ 14 ತಿಂಗಳುಗಳನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ, ಆದ್ದರಿಂದ ಅದನ್ನೆಲ್ಲ ಮೊದಲಿನಿಂದ ಹೇಳುವುದಿಲ್ಲ. ನಿಮಗೆ ಹೇಳದೆ ಉಳಿಸಿಕೊಂಡ ಒಂದು ಸಂಗತಿಯಿದೆ. ಕಾಯಿಲೆ ಉಲ್ಬಣಿಸಿದ್ದ ದಿನಗಳಲ್ಲಿ ಇಬ್ಬರು ನಮ್ಮನ್ನು ನೋಡಲು ಬಂದರು, ಪ್ರಾರ್ಥಿಸಿದರು, ಹೊರಡುವ ಮುನ್ನ, "ಒಪ್ಪಿಕೊಳ್ಳದ ಪಾಪ ಏನಾದರೂ ಉಳಿದಿದೆಯೋ ನೋಡಿಕೊಳ್ಳಿ, ಇಲ್ಲದಿದ್ದರೆ ಇಷ್ಟು ಜನರ ಪ್ರಾರ್ಥನೆಗೆ ಉತ್ತರ ಸಿಗದೆ ಇರುವುದಿಲ್ಲ" ಎಂದು ಹೇಳಿಹೋದರು. ಅವರು ಹೋದ ಮೇಲೆ ಇವರು ನನ್ನ ಹತ್ತಿರ ಒಂದು ಹಾಳೆ ಕೇಳಿ ಪಡೆದರು. ಮಧ್ಯರಾತ್ರಿ ಎದ್ದು ನೋಡಿದರೆ, ಪೆನ್ನು ಹಿಡಿಯಲು ಬಾರದ ಬೆರಳುಗಳಲ್ಲಿ, ಬಾಲ್ಯದಿಂದ ನೆನಪಿರುವ ತಪ್ಪುಗಳನ್ನೆಲ್ಲ ಪಟ್ಟಿ ಮಾಡುತ್ತ ಕುಳಿತಿದ್ದರು. ತಮ್ಮನಿಗೆ ಹೊಡೆದದ್ದು, ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿದ್ದು, ಒಮ್ಮೆ ನನ್ನ ಮೇಲೆ ರೇಗಿದ್ದು. ಆ ಹಾಳೆ ಈಗಲೂ ನನ್ನ ಬಳಿ ಇದೆ. ಸಾಯಲು ಹೊರಟ ಮನುಷ್ಯನ ಕೊನೆಯ ನೆಮ್ಮದಿಯನ್ನು ಕಿತ್ತುಕೊಂಡು ಹೋದವರು ಮಾರನೆಯ ಭಾನುವಾರ ಅದೇ ಸಭೆಯಲ್ಲಿ ಕೈಯೆತ್ತಿ ಆರಾಧಿಸಿದರು.

ಹುಟ್ಟುಕುರುಡನನ್ನು ತೋರಿಸಿ, ಇವನು ಪಾಪ ಮಾಡಿದನೋ ಇವನ ತಂದೆತಾಯಿಗಳು ಮಾಡಿದರೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಸ್ಪಷ್ಟವಾಗಿ ಹೇಳಿದನಲ್ಲವೇ? ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಾಗಿರಲಿಲ್ಲ ಎಂದೂ ಹೇಳಿದ್ದಾನಲ್ಲವೇ? ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವನ್ನೂ ಲೂಕನ 13ನೆಯ ಅಧ್ಯಾಯವನ್ನೂ ಓದಿದವರೇ ಆ ಹಾಸಿಗೆಯ ಪಕ್ಕದಲ್ಲಿ ಹಾಗೆ ಮಾತಾಡಿದರು ಎಂಬುದೇ ನನ್ನ ಸಂಕಟ.

ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರ ಬಗ್ಗೆ ನಾವು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಎಲೀಫಜ, ಬಿಲ್ದದ, ಚೋಫರ ಎಂಬ ಆ ಮೂವರೂ ಮೊದಲು ಸರಿಯಾದದ್ದನ್ನೇ ಮಾಡಿದ್ದರು. ಅವನ ನೋವು ಎಷ್ಟು ದೊಡ್ಡದೆಂದು ಕಂಡು, 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಅವರ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ ಅವುಗಳಲ್ಲಿ ಭಕ್ತಿಯೇ ತುಂಬಿದೆ. ದೇವರು ನ್ಯಾಯವಂತನು, ಪಶ್ಚಾತ್ತಾಪಪಡು, ಎಲ್ಲವೂ ಸರಿಹೋಗುತ್ತದೆ ಎಂದೇ ಅವರು ಹೇಳಿದ್ದು. ಯೋಬನಾದರೋ ಹುಟ್ಟಿದ ದಿನವನ್ನು ಶಪಿಸಿದನು, ದೇವರೊಡನೆ ವಾದಿಸಬೇಕೆಂದು ಹಟ ಹಿಡಿದನು. ಹೀಗಿದ್ದರೂ ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಉರಿದದ್ದು ಆ ಮೂವರ ಮೇಲೆ. ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂದು ಹೇಳಿ, ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕೆಂದು ಆಜ್ಞಾಪಿಸಿದನು. ದೇವರ ಪರವಾಗಿ ವಕಾಲತ್ತು ವಹಿಸಿದವರನ್ನು ದೇವರೇ ತಳ್ಳಿಹಾಕಿದನು. ಆ ಮೂವರು ಯೋಬನೊಂದಿಗೆ ದೇವರ ಬಗ್ಗೆ ಮಾತಾಡಿದರೇ ಹೊರತು ಒಮ್ಮೆಯೂ ದೇವರ ಕಡೆಗೆ ತಿರುಗಿ ಯೋಬನಿಗಾಗಿ ಬೇಡಲಿಲ್ಲ. ಯೋಬನೋ ಕೂಗಾಡಿದರೂ ದೇವರಿಗೇ ಕೂಗಿದನು.

ನಾನು ಇಷ್ಟು ಹೇಳಿದರೆ, ಮರುಭೂಮಿಯಲ್ಲಿ ಗುಣುಗುಟ್ಟಿದ ಇಸ್ರಾಯೇಲ್ಯರ ಮೇಲೆ ದೇವರು ಕೋಪಿಸಿಕೊಳ್ಳಲಿಲ್ಲವೇ ಎಂದು ಕೇಳುವವರಿದ್ದಾರೆ. ಕೋಪಿಸಿಕೊಂಡದ್ದು ನಿಜ. ಆದರೆ ಅವರು ಗುಣುಗುಟ್ಟಿದ್ದು ಎಲ್ಲಿ? ತಮ್ಮ ತಮ್ಮ ಡೇರೆಗಳಲ್ಲಿ ಎಂದು ಧರ್ಮೋಪದೇಶಕಾಂಡದ ಮೊದಲ ಅಧ್ಯಾಯ ಹೇಳುತ್ತದೆ. ದೇವರು ನಮ್ಮನ್ನು ದ್ವೇಷಿಸಿ ಇಲ್ಲಿಗೆ ತಂದನು ಎಂದು ಅವನ ಬೆನ್ನ ಹಿಂದೆ ತಮ್ಮತಮ್ಮೊಳಗೆ ಆಡಿಕೊಂಡರು. ಕೀರ್ತನೆಗಾರನು ಅದಕ್ಕಿಂತ ಕಟುವಾದ ಮಾತುಗಳನ್ನಾಡಿದ್ದಾನೆ, ಆದರೆ ದೇವರ ಮುಖಕ್ಕೆದುರಾಗಿ ಆಡಿದ್ದಾನೆ. ನಿನ್ನೆ ಆ ತಾಯಿ ಅತ್ತದ್ದು ಡೇರೆಯೊಳಗಲ್ಲ, ಪ್ರಾರ್ಥನೆಯ ನಡುವೆ.

"ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರಿ" ಎಂದು ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದನ್ನು ಇನ್ನು ಕೆಲವರು ಮುಂದಿಡುತ್ತಾರೆ. ಆ ವಾಕ್ಯದ ಮೊದಲ ಪದವನ್ನು ನುಂಗಿ ಕೊನೆಯ ಪದವನ್ನು ಮಾತ್ರ ಓದುವುದು ಸರಿಯಲ್ಲ. ನಿರೀಕ್ಷೆಯುಳ್ಳವರಾಗಿ ದುಃಖಿಸಿರಿ ಎಂಬುದಕ್ಕೂ ದುಃಖಿಸಲೇಬೇಡಿರಿ ಎಂಬುದಕ್ಕೂ ಅಜಗಜಾಂತರವಿದೆ. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಎಂದು ಸೆರೆಯಲ್ಲಿದ್ದುಕೊಂಡೇ ಫಿಲಿಪ್ಪಿಯವರಿಗೆ ಬರೆದ ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ, ಎಪಫ್ರೊದೀತನು ರೋಗದಿಂದ ಸಾಯುವ ಹಾಗಿದ್ದು ಬದುಕಿಕೊಂಡದ್ದನ್ನು ನೆನೆದು, ನನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ನನ್ನನ್ನೂ ಕರುಣಿಸಿದನು ಎಂದು ಅವನೇ ಬರೆದಿದ್ದಾನೆ. ಗೆಳೆಯ ಸತ್ತಿದ್ದರೆ ಪೌಲನಂಥ ಪೌಲನೂ ಅಳುತ್ತಿದ್ದನು, ಹಾಗೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯೂ ಇರಲಿಲ್ಲ.

ನನ್ನ ಕೋಪವೆಲ್ಲ ಆ ಹಿರಿಯರ ಮೇಲೆಯೇ ಎಂದು ನೀವು ತಿಳಿಯಬಾರದು. ಬಹಳ ವರ್ಷಗಳ ಹಿಂದೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕನ ಕೈ ಹಿಡಿದು, ಹೊರಲಾಗದ ಭಾರವನ್ನು ದೇವರು ಯಾರ ಮೇಲೂ ಹೊರಿಸುವುದಿಲ್ಲ ಎಂದು ನಾನೇ ಹೇಳಿದ್ದೆ. ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೈ ಬಿಡಿಸಿಕೊಂಡಿದ್ದಳು. ನಾನು ಹೇಳಿದ ಆ ಮಾತು ಸತ್ಯವೇದದಲ್ಲಿ ಹಾಗೆ ಎಲ್ಲಿಯೂ ಇಲ್ಲವೆಂದು ನನಗೆ ಗೊತ್ತಾದದ್ದು ನನ್ನದೇ ಸರದಿ ಬಂದಾಗ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 10ನೆಯ ಅಧ್ಯಾಯದಲ್ಲಿರುವುದು ಪಾಪಕ್ಕೆ ಸೆಳೆಯುವ ಶೋಧನೆಯ ಮಾತು, ಸಾವುನೋವಿನ ಭಾರದ ಮಾತಲ್ಲ. ಅದೇ ಪೌಲನು ಅದೇ ಸಭೆಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ನಮ್ಮ ಶಕ್ತಿಯನ್ನು ಮೀರಿದ ಭಾರ ನಮ್ಮ ಮೇಲೆ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಹೇಳಿಕೊಂಡಿದ್ದಾನೆ. ನಾನು ಆ ಅಕ್ಕನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಆಕೆ ಏನೂ ಹೇಳದೆ ನನ್ನನ್ನು ಕೂರಿಸಿಕೊಂಡಳು.

ಆ ತಿಂಗಳುಗಳಲ್ಲಿ ನನ್ನ ನಂಬಿಕೆ ಹೇಗಿತ್ತೆಂದು ಯಾರಾದರೂ ಕೇಳಿದರೆ ಸಾಕ್ಷಿ ಹೇಳಲು ನನ್ನ ಹತ್ತಿರ ದೊಡ್ಡದೇನೂ ಇಲ್ಲ. ರಾತ್ರಿ ಮೂರು ಗಂಟೆಯ ಹೊತ್ತಿಗೆ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ನಳಿಕೆಯಲ್ಲಿ ಇಳಿಯುವ ಹನಿಗಳನ್ನು ಎಣಿಸುತ್ತಿದ್ದೆ, ಅಷ್ಟೇ. ಪ್ರಾರ್ಥಿಸಲು ಮಾತು ಬರುತ್ತಿರಲಿಲ್ಲ; "ಕರ್ತನೇ" ಎಂಬಲ್ಲಿಗೆ ನಿಂತುಹೋಗುತ್ತಿತ್ತು. ಎಲ್ಲವೂ ಹಿತಕ್ಕಾಗಿ ಅನುಕೂಲವಾಗುತ್ತದೆ ಎಂಬ ರೋಮಾಪುರದ ಪತ್ರದ ವಾಕ್ಯವನ್ನು ಹಲವರು ಫೋನಿಗೆ ಕಳುಹಿಸುತ್ತಿದ್ದರು. ಅದು 8ನೆಯ ಅಧ್ಯಾಯದ 28ನೆಯ ವಚನ. ಅದಕ್ಕಿಂತ ಎರಡೇ ವಚನ ಹಿಂದೆ, ಹೇಗೆ ಪ್ರಾರ್ಥಿಸಬೇಕೆಂದು ನಮಗೇ ಗೊತ್ತಿಲ್ಲದಿರುವಾಗ ಪವಿತ್ರಾತ್ಮನು ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದಿದೆ. ಅದನ್ನು ಒಬ್ಬರೂ ಕಳುಹಿಸಲಿಲ್ಲ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನನ್ನಿಂದ ಮಾತು ಹೊರಡದ ಆ ಜಾಗದಲ್ಲಿ ದೇವರೇ ನರಳುತ್ತಿದ್ದಾನೆ ಎಂದಾದರೆ, ನನ್ನ ಮೌನವೂ ಅವನ ಕಿವಿಗೆ ಬಿದ್ದ ಪ್ರಾರ್ಥನೆಯೇ ಆಗಿತ್ತು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ.

ಮಕ್ಕಳಿಲ್ಲದ ಕೊರಗಿನಲ್ಲಿದ್ದ ಹನ್ನಳನ್ನು ನೆನೆದರೆ ನಿನ್ನೆಯ ಘಟನೆ ಮತ್ತೆ ಕಣ್ಣಿಗೆ ಕಟ್ಟುತ್ತದೆ. ಆಕೆ ದೇವಾಲಯದಲ್ಲಿ ಅಳುತ್ತ ಬೇಡಿಕೊಳ್ಳುವಾಗ ತುಟಿ ಮಾತ್ರ ಅಲುಗಾಡುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿಯು ಅದನ್ನು ಕಂಡು ಆಕೆ ಕುಡಿದಿದ್ದಾಳೆಂದು ಭಾವಿಸಿ ಗದರಿಸಿದನು. ನನ್ನ ಒಡೆಯನೇ, ನಾನು ಕುಡಿದವಳಲ್ಲ, ಬಹು ದುಃಖಪೀಡಿತಳು, ನನ್ನ ಮನಸ್ಸನ್ನು ಯೆಹೋವನ ಮುಂದೆ ಹೊಯ್ದುಕೊಂಡೆ ಎಂದು ಹನ್ನಳು ತಿದ್ದಿದಳು. ಏಲಿಯು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಆಕೆಯನ್ನು ಆಶೀರ್ವದಿಸಿ ಕಳುಹಿಸಿದನು. ತಿದ್ದಿಕೊಳ್ಳುವ ಆ ಮನಸ್ಸು ನಮ್ಮ ಹಿರಿಯರಿಗೂ ನನಗೂ ಇರಲಿ ಎಂಬುದೇ ನನ್ನ ಬೇಡಿಕೆ.

ಸಭೆಯ ಚರಿತ್ರೆಯಲ್ಲಿ ಅತಿ ದೊಡ್ಡ ಬೋಧಕರಲ್ಲಿ ಒಬ್ಬನಾದ ಅಗಸ್ಟೀನನೂ ಇದೇ ತಪ್ಪನ್ನು ತನ್ನ ಮೇಲೆಯೇ ಮಾಡಿಕೊಂಡವನು. 387ರಲ್ಲಿ ಓಸ್ತಿಯ ಎಂಬ ಬಂದರು ಪಟ್ಟಣದಲ್ಲಿ ಅವನ ತಾಯಿ ಮೋನಿಕಾ ತೀರಿಕೊಂಡಾಗ ಆಕೆಯ ಕಣ್ಣುಗಳನ್ನು ಮುಚ್ಚಿದವನು ಅವನೇ. ಅವನ ಎಳೆಯ ಮಗ ಗಟ್ಟಿಯಾಗಿ ಅತ್ತುಬಿಟ್ಟಾಗ ಸುತ್ತಲಿದ್ದವರು ಅವನನ್ನು ಸುಮ್ಮನಾಗಿಸಿದರು; ವಿಶ್ವಾಸದಲ್ಲಿ ಸತ್ತವಳಿಗಾಗಿ ಅಳುವುದು ತಕ್ಕದ್ದಲ್ಲವೆಂದು ಅಗಸ್ಟೀನನೂ ಎಣಿಸಿದನು. ಸಮಾಧಿಯ ಬಳಿಯೂ ಕಣ್ಣೀರು ಹಾಕಲಿಲ್ಲ. ಸ್ನಾನ ಮಾಡಿದರೆ ದುಃಖ ಹೋಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಸ್ನಾನ ಮಾಡಿದನು, ಹೋಗಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬನೇ ಇರುವಾಗ, ತಡೆಹಿಡಿದ ಕಣ್ಣೀರನ್ನೆಲ್ಲ ದೇವರ ಮುಂದೆ ಹರಿಯಬಿಟ್ಟು ಅದರ ಮೇಲೆಯೇ ತನ್ನ ಹೃದಯವನ್ನು ಒರಗಿಸಿದೆನೆಂದು ಅವನೇ ಬರೆದಿಟ್ಟಿದ್ದಾನೆ.

ಇವೆಲ್ಲಕ್ಕಿಂತ ಮಿಗಿಲಾಗಿ, ನಾವು ಯಾರನ್ನು ಹಿಂಬಾಲಿಸುತ್ತೇವೆಂದು ಹೇಳಿಕೊಳ್ಳುತ್ತೇವೋ ಅವನೇ ಲಾಜರನ ಸಮಾಧಿಯ ಹತ್ತಿರ ಕಣ್ಣೀರು ಬಿಟ್ಟನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಸತ್ತವನು ಎದ್ದು ಬರುತ್ತಾನೆಂದು ತಿಳಿದಿದ್ದರೂ, ಸತ್ತವನ ಸಹೋದರಿ ಮರಿಯಳು ಅಳುವುದನ್ನು ಕಂಡು ಅತ್ತನು. ನಿನ್ನ ತಮ್ಮ ಎದ್ದುಬರುತ್ತಾನೆಂಬ ನಂಬಿಕೆ ನಿನಗೆ ಇಲ್ಲವೇ ಎಂದು ಆಕೆಯನ್ನು ಗದರಿಸಲಿಲ್ಲ. ಗೆತ್ಸೇಮನೆಯಲ್ಲಿ ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿದನು, ಶಿಲುಬೆಯ ಮೇಲೆ ನನ್ನನ್ನು ಏಕೆ ಕೈಬಿಟ್ಟೆ ಎಂದು ಮಹಾಧ್ವನಿಯಿಂದ ಕೂಗಿದನು. ಕೈಬಿಟ್ಟೆಯೇಕೆ ಎಂದು ಕೇಳುವಾಗಲೂ "ನನ್ನ ದೇವರೇ" ಎಂದೇ ಕರೆದನು. ಕಷ್ಟದಲ್ಲಿ ದೇವರನ್ನು ನಂಬುವುದೆಂದರೆ ನನಗೆ ಗೊತ್ತಿರುವುದು ಆ "ನನ್ನ" ಎಂಬ ಒಂದು ಪದವನ್ನು ಬಿಡದೆ ಹಿಡಿದುಕೊಳ್ಳುವುದಷ್ಟೇ. ನಿನ್ನೆ ಆ ತಾಯಿ ಅಳುವಿನ ನಡುವೆ ಕರೆದದ್ದೂ "ನನ್ನ ಕರ್ತನೇ" ಎಂದೇ. ಅಲ್ಲಿದ್ದವರಲ್ಲಿ ಅದನ್ನು ಎಷ್ಟು ಮಂದಿ ಕೇಳಿಸಿಕೊಂಡರೋ ನಾನರಿಯೆ.

ಇವತ್ತು ಬೆಳಿಗ್ಗೆ ಆಕೆಗೆ ಫೋನ್ ಮಾಡಿ ನಿನ್ನೆ ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆ, 88ನೆಯ ಕೀರ್ತನೆಯ ವಿಷಯ ಹೇಳಿದೆ. ಮೂರು ಸಲ ದೇವರನ್ನು ಕೂಗಿ ಕರೆದು, ಕೊನೆಗೆ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ನಿಂತುಬಿಡುವ ಪ್ರಾರ್ಥನೆ ಅದು. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಅದನ್ನು ನೀವೇ ಬಂದು ಓದಿ, ನನಗೆ ಸ್ವರ ನಿಲ್ಲುವುದಿಲ್ಲ" ಎಂದಳು. ನಾಳೆ ಸಂಜೆ ಹೋಗುತ್ತಿದ್ದೇನೆ. ಬರುವ ಮನಸ್ಸಿದ್ದವರು ಬನ್ನಿ, ಆ ಹಿರಿಯರನ್ನೂ ನಾನೇ ಕರೆದಿದ್ದೇನೆ. ಆಕೆ ಅತ್ತರೆ ಅತ್ತು ಮುಗಿಯುವ ತನಕ ಕಾಯೋಣ, ಆಮೇಲೆ ಓದುತ್ತೇನೆ.