ಮೂಲೆಯಿಲ್ಲದ ಮನೆಯಲ್ಲಿ ಅವ್ವ

ಮನೆಗೆ ಮೂಲೆ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ, ಮೂಲೆಯೇ ಇಲ್ಲದ ಮನೆಯಲ್ಲಿ ನಮ್ಮವ್ವನ ಜೊತೆ ಒಂದು ರಾತ್ರಿ ಕಳೆಯಬೇಕು. ಛತ್ರಿ ಎಲ್ಲಿ ಒರಗಿಸೋದು? ಮೂಲೆಗೆ. ಪೊರಕೆ, ಒದ್ದೆ ಟವೆಲ್ಲು, ಮುನಿಸಿಕೊಂಡ ಮಗಳು, ಎಲ್ಲಕ್ಕೂ ಮೂಲೆಯೇ ಗತಿ. ದೇವರಿಗಂತೂ ಈಶಾನ್ಯ ಮೂಲೆ ಖಾತೆಯಾಗಿಯೇ ಹೋಗಿದೆ. ಗುಂಡಗಿನ ಆ ಕೋಣೆಯೊಳಗೆ ಕಾಲಿಟ್ಟ ಅವ್ವ, ಕೈಚೀಲದಿಂದ ಪುಟ್ಟ ಗಣಪತಿ ಫೋಟೋ ತೆಗೆದು, ಇಡುವ ಜಾಗ ಹುಡುಕುತ್ತಾ ಗೋಡೆಯ ಪಕ್ಕದಲ್ಲೇ ನಡೆದಳು. ನಡೆದೂ ನಡೆದೂ ಹೊರಟ ಬಾಗಿಲಿಗೇ ಬಂದು ನಿಂತಳು. "ಇದಕ್ಕೆ ಮೂಲೇನೇ ಇಲ್ವಲ್ಲಲಾ!"

"ಅದೇ ಅತ್ತೆ ಇದರ ಸ್ಪೆಷಾಲಿಟಿ," ಅಂದ ನಮ್ಮ ಭಾಮೈದ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಈ ಭಾಮೈದನಿಗೆ ಹೋಂಸ್ಟೇಗಳೆಲ್ಲ ಹಳತಾಗಿದ್ದವು. ದಸರಾ ರಜೆ ಹತ್ತಿರ ಬರುತ್ತಿದ್ದ ಹಾಗೆ ಹಾಸನಕ್ಕೆ ಬಂದವನೇ ಫೋನಿನಲ್ಲಿ ಫೋಟೋ ತೋರಿಸಿದ. ಚಂದ್ರದ್ರೋಣ ಬೆಟ್ಟಸಾಲಿನ ಕೆಳಗೆ ಒಂದು ಕಾಫಿ ತೋಟ, ತೋಟದ ನೆತ್ತಿಯ ಮೇಲೆ ಬಿಳಿ ಗುಡಾರಗಳು, ಹಿಂದೆ ಮುಳ್ಳಯ್ಯನಗಿರಿ. "ಯರ್ಟ್ ಭಾವ, ಮಂಗೋಲಿಯಾದ್ದು." ಅವನು ಆ ಒಂದು ರಾತ್ರಿಗೆ ಕಟ್ಟಿದ ದುಡ್ಡಿನಲ್ಲಿ ಹಾಸನದಲ್ಲಿ ಒಂದು ತಿಂಗಳ ಮನೆ ಬಾಡಿಗೆ ಮುಗಿದು, ಹಾಲಿನವನ ಲೆಕ್ಕವೂ ಚುಕ್ತಾ ಆಗುತ್ತಿತ್ತು. ಆದರೆ ಕಟ್ಟಿದವನು ಅವನಾದ್ದರಿಂದ ನನಗೂ ಮಂಗೋಲಿಯಾದ ಸಂಸ್ಕೃತಿಯ ಬಗ್ಗೆ ಅಪಾರ ಗೌರವ ಮೂಡಿತು.

ಬೇಲೂರು ದಾಟಿ, ಚಿಕ್ಕಮಗಳೂರು ದಾಟಿ ಗುಡ್ಡ ಹತ್ತುವಷ್ಟರಲ್ಲಿ ಮಗಳು ಯರ್ಟಿನ ಪೂರ್ತಿ ಜಾತಕ ಓದಿ ಮುಗಿಸಿದ್ದಳು. ಕುರಿ, ಕುದುರೆ ಮೇಯಿಸಿಕೊಂಡು ಊರೂರು ಅಲೆಯುವವರ ಮನೆ ಅದು. ಗೋಡೆ ಎಂದರೆ ಮರದ ಪಟ್ಟಿಗಳ ಜಾಲರಿ. ಹಳೇ ಬ್ಯಾಂಕಿನ ಕಬ್ಬಿಣದ ಗೇಟಿನ ಹಾಗೆ ಎಳೆದರೆ ಅಗಲ, ದೂಡಿದರೆ ಕಿರಿದು. ಮೇಲೆ ಗಳುಗಳನ್ನು ಜೋಡಿಸಿ, ನೆತ್ತಿಗೆ ಮರದ ಒಂದು ಬಳೆ. ಹೊಗೆ ಹೋಗುವುದಕ್ಕೂ ಬೆಳಕು ಬರುವುದಕ್ಕೂ ಆ ಬಳೆಯೇ ದಾರಿ. ಮೈಗೆಲ್ಲ ಕುರಿ ತುಪ್ಪಟದ ದಪ್ಪ ಹೊದಿಕೆ. ನಡುವೆ ಒಲೆ. ಬಿಚ್ಚಿ ಒಂಟೆಯ ಮೇಲೆ ಹೇರಿದರೆ ಮನೆ ಹೊರಟಿತು. ಇದನ್ನು ಕಟ್ಟುವ ಕಸುಬನ್ನು ಯುನೆಸ್ಕೋ 2013ರಲ್ಲಿ ತನ್ನ ಪಾರಂಪರಿಕ ಪಟ್ಟಿಗೂ ಸೇರಿಸಿಕೊಂಡಿದೆಯಂತೆ. ಕುರಿ ತುಪ್ಪಟ ಎಂದ ಕೂಡಲೇ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಟ್ಟಳು. "ಕಂಬ್ಳಿ ಮನೆ ಅನ್ನು. ಹಂಗಾರೆ ಬೆಚ್ಚಗಿರ್ತದೆ ಬುಡು."

ಕಂಬಳಿಗೂ ಅದಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಅವರು ತುಪ್ಪಟವನ್ನು ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಗೆ ಕಟ್ಟಿ ಬಯಲಲ್ಲಿ ಉರುಳಿಸಿ ಉರುಳಿಸಿ ಗಟ್ಟಿ ಮಾಡುತ್ತಾರೆ. ಇದನ್ನೆಲ್ಲ ಅವ್ವ ಬಹಳ ಆಸಕ್ತಿಯಿಂದ ಕೇಳಿದಳು. ಕೇಳದೇ ಇದ್ದಿದ್ದರೆ ಭಾಮೈದನಿಗೆ ಒಳ್ಳೆಯದಿತ್ತು. ಯಾಕೆಂದರೆ ಗಣಪತಿ ಫೋಟೋವನ್ನು ಕೊನೆಗೆ ತನ್ನ ದಿಂಬಿನ ಮೇಲೇ ಕೂರಿಸಿದ ಅವ್ವ, ಮುಂದಿನ ಹೆಜ್ಜೆಯಾಗಿ ಗೋಡೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. ಎಪ್ಪತ್ತು ದಾಟಿದ ಹಾಸನದ ಹೆಂಗಸಿಗೆ ಸೀರೆ, ಅಕ್ಕಿ, ಸೊಸೆ ಈ ಮೂರನ್ನೂ ಅಳೆಯಲು ಆ ಎರಡು ಬೆರಳು ಸಾಕು.

"ಇದು ಟಾರ್ಪಾಲು."

"ಕ್ಯಾನ್ವಾಸ್ ಅತ್ತೆ."

"ಒಲೆ ಎಲ್ಲಿ?"

ಒಲೆ ಇರಬೇಕಾದ ನಟ್ಟನಡುವೆ ಒಂದು ಮೂರು ಕಾಲಿನ ಮೇಜು, ಅದರ ಮೇಲೆ ಹಿತ್ತಾಳೆಯ ಉರುಳಿ, ಉರುಳಿಯಲ್ಲಿ ನೀರು, ನೀರಿನಲ್ಲಿ ಸೇವಂತಿಗೆ. ಬಟ್ಟೆಯ ಮನೆಯಲ್ಲಿ ಬೆಂಕಿ ಅಪಾಯ ಅಂತ ಒಲೆ ಇಟ್ಟಿಲ್ಲ ಎಂದು ಅಲ್ಲಿನ ಹುಡುಗ ವಿವರಿಸಿದ. ನ್ಯಾಯವಾದ ಮಾತೇ. ಆದರೆ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಊರಿನಲ್ಲಿ ಆ ಮಂದಿ ಬದುಕಿರುವುದೇ ತುಪ್ಪಟ, ಒಲೆ ಎರಡರ ದೆಸೆಯಿಂದ. ಎರಡನ್ನೂ ತೆಗೆದ ಮೇಲೆ ಉಳಿದದ್ದು ಗುಂಡಗಿನ ಆಕಾರ. ನಾವು ದುಡ್ಡು ಕೊಟ್ಟದ್ದು ಅದಕ್ಕೆ.

ಆ ಆಕಾರದ ಪ್ರತಾಪ ಮಂಚದ ವಿಷಯದಲ್ಲಿ ಹೊರಬಿತ್ತು. ಐದು ಮಂಚ, ಐದಕ್ಕೂ ತಲೆ ಗೋಡೆಯ ಕಡೆಗೆ, ಕಾಲು ಸೇವಂತಿಗೆಯ ಕಡೆಗೆ. ಮನೆ ಗುಂಡಗಿದ್ದ ಮೇಲೆ ಯಾರದೋ ಒಬ್ಬರ ತಲೆ ಉತ್ತರಕ್ಕೆ ಬರಲೇಬೇಕು. ಮಗಳು ಫೋನಿನಲ್ಲಿ ದಿಕ್ಸೂಚಿ ತೆರೆದಳು. ನನ್ನ ಹೆಂಡತಿ ಬ್ಯಾಗು ಇಟ್ಟ ಮಂಚವೇ ಉತ್ತರದ್ದು. ಬ್ಯಾಗು ಅಲ್ಲಿಂದ ಎದ್ದಿತು. ನಾನು ಕೂರುವ ಮೊದಲೇ, "ಮನೆ ಯಜಮಾನ, ನೀನು ಬ್ಯಾಡ" ಅಂದಳು ಅವ್ವ. ಮಗಳಂತೂ ಓದುವ ಹುಡುಗಿ. ಎಲ್ಲರ ಕಣ್ಣೂ ಭಾಮೈದನ ಮೇಲೆ ಬಿತ್ತು. "ಇನ್ನೂ ಮದ್ವೆ ಆಗ್ದೋನು, ಏನಾಗ್ತದೆ, ಮಲೀಕ್ಕಳ್ಲಿ ಬುಡು." ಮಂಗೋಲರ ಪದ್ಧತಿಯಲ್ಲಿ ಬಾಗಿಲು ತೆಂಕಣಕ್ಕೆ, ಅದರೆದುರಿನ ಬಡಗಣ ದಿಕ್ಕು ದೇವರಿಗೂ ಹಿರಿಯ ಅತಿಥಿಗೂ ಮೀಸಲು ಎಂದು ಮಗಳು ಮಾವನನ್ನು ಸಮಾಧಾನಪಡಿಸಿದಳು. ಅವನ ಮುಖ ಮಾತ್ರ ದೇವರದೂ ಆಗಲಿಲ್ಲ, ಅತಿಥಿಯದೂ ಆಗಲಿಲ್ಲ.

ಬಾಗಿಲ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಯರ್ಟಿನ ಬಾಗಿಲು ಸೂರ್ಯಾಸ್ತ ನೋಡಲು ಅನುಕೂಲವಾಗಲಿ ಅಂತ ಪಡುವಣಕ್ಕಿತ್ತು. ಮಲೆನಾಡಿಗೆ ಮುಂಗಾರು ಬರುವುದೂ ಆ ದಿಕ್ಕಿನಿಂದಲೇ. ಇರಚಲು ಹೊಡೆದು ಮಣ್ಣಿನ ಗೋಡೆ ಕರಗದಿರಲೆಂದು ಹಳಬರು ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುವುದು ಗಾಳಿ ಮುಖದ ಆ ಗೋಡೆಗೇ. ನಾವು ಅಲ್ಲೇ ಕುರ್ಚಿ ಹಾಕಿಕೊಂಡು ಸೂರ್ಯಾಸ್ತಕ್ಕೆ ಕಾದೆವು. ಸೂರ್ಯ ಬರಲಿಲ್ಲ. ಮಂಜು ಬಂತು, ಎದುರಿನ ಸಿಲ್ವರ್ ಓಕ್ ಮರಗಳು ಹೋದವು, ಆಮೇಲೆ ನಮ್ಮ ಕಾರು ಹೋಯಿತು, ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯೂ ಮಸುಕಾದಳು. ಊಟದಲ್ಲಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿದ್ದವು. ಊಟ ಮುಗಿಯುವಷ್ಟರಲ್ಲಿ ಮಳೆ ಬಂತು, ಕರೆಂಟು ಹೋಯಿತು. ಮಲೆನಾಡಿನಲ್ಲಿ ಇವೆರಡೂ ಒಂದೇ ಬಸ್ಸಿನಲ್ಲಿ ಓಡಾಡುವುದು. ಕ್ಯಾಂಪ್‌ಫೈರಿಗೆಂದು ಅಂಗಳದಲ್ಲಿ ಒಟ್ಟಿದ್ದ ಸೌದೆಯನ್ನು ಹುಡುಗರು ಓಡಿ ಬಂದು ಸೂರಿನಡಿಗೆ ಸಾಗಿಸಿದರು.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 300 ಮಿಲಿಮೀಟರ್ ಮುಟ್ಟುವುದಿಲ್ಲ. ನಮ್ಮ ಕೊಟ್ಟಿಗೆಹಾರದಲ್ಲಿ ಜೋರು ಹಿಡಿದರೆ ಆಷಾಢದ ಒಂದು ವಾರಕ್ಕೆ ಅಷ್ಟು ಸಾಕಾಗುವುದಿಲ್ಲ. ಹೀಗಾಗಿ ನೆತ್ತಿಯ ಬಳೆಗೆ ಕೂರಿಸಿದ್ದ ಪ್ಲಾಸ್ಟಿಕ್ ಗುಮ್ಮಟ ತನ್ನ ಕೈಲಾದಷ್ಟು ತಡೆದು, ಕೈಲಾಗದ್ದನ್ನು ಒಳಕ್ಕೆ ಬಿಟ್ಟಿತು. ಅದು ನೇರ ಸೇವಂತಿಗೆಯ ಉರುಳಿಗೆ ಬಿತ್ತು. ಟಿಣ್. ಸ್ವಲ್ಪ ಹೊತ್ತಿಗೆ ಟಿಣ್. ಇದನ್ನೇ ಮುಂದಾಲೋಚಿಸಿ ಉರುಳಿ ಇಟ್ಟಿದ್ದಾರೆ ಎಂದು ನಾನು ಅವರನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಮಗಳು, "ಗೋಡೆ ತಣ್ಣಗಿದೆ ನೋಡು ಮಾವ" ಅಂತ ಬಟ್ಟೆಗೆ ಬೆರಳೊತ್ತಿದಳು. ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಮುಟ್ಟಬಾರದು; ಮುಟ್ಟಿದ ಕಡೆಯೇ ನೀರು ಜಿನುಗಲು ಶುರು. ಇದು ಭಾಮೈದನಿಗೆ ಗೊತ್ತಿತ್ತು. "ಮುಟ್ಬೇಡ, ಮುಟ್ಬೇಡ! ಇಲ್ಲಿ, ಹೀಗೆ ಮುಟ್ಟಿದ್ರೆ ಸೋರುತ್ತೆ" ಎಂದು ತನ್ನ ಮಂಚದ ಮೇಲಿನ ಗೋಡೆಯನ್ನು ಅಂಗೈಯಗಲ ಒತ್ತಿ ತೋರಿಸಿದ. ಹೇಳಿದ ಹಾಗೇ ಆಯಿತು. ಉತ್ತರಕ್ಕೆ ತಲೆ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಅವ್ವನಿಗೆ ಇನ್ನು ಬೇರೆ ಪುರಾವೆ ಬೇಕಿರಲಿಲ್ಲ.

ಗೋಲಗುಮ್ಮಟದಲ್ಲಿ ಪಿಸುಮಾತು ಕೇಳಿಸುವುದಕ್ಕೆ ಕಾರಣ ಅಲ್ಲಿನ ಗೋಡೆ. ಇಲ್ಲಿ ಕಾರಣ, ನಡುವೆ ಗೋಡೆಯೇ ಇಲ್ಲದ್ದು. ಕತ್ತಲಲ್ಲಿ ನನ್ನ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, ಆ ಎಲೆಅಡಿಕೆ ಚೀಲದ ವಾಸನೆಗೆ ನಿದ್ದೆಯೇ ಬರುತ್ತಿಲ್ಲ ಎಂದು ಉಸಿರಿನಲ್ಲೇ ಅಂದಳು. ಕೋಣೆಯ ಆಚೆ ದಡದಿಂದ ಉತ್ತರ ಬಂತು: "ಹೊಗೆಸೊಪ್ಪು ಕಣವ್ವ ಅದು. ಇಂಬ್ಳಕ್ಕೆ ತಂದಿವ್ನಿ." ಆಮೇಲೆ ಬಹಳ ಹೊತ್ತು ಯಾರೂ ಏನನ್ನೂ ಅನ್ನಲಿಲ್ಲ, ಒಂದು ಕಪ್ಪೆಯ ಹೊರತಾಗಿ. ಕಪ್ಪೆ ಒಳಗಿತ್ತು. ಟಾರ್ಚು ಬಿಟ್ಟು ಹುಡುಕಿದರೆ ದನಿ ಇನ್ನೊಂದು ಕಡೆಯಿಂದ ಬರುತ್ತಿತ್ತು. ಗುಂಡಗಿನ ಮನೆಯಲ್ಲಿ ಕಪ್ಪೆಯನ್ನು ಅಟ್ಟಿಸಿಕೊಂಡು ಹೋಗಿ ಸಿಕ್ಕಿಸಲು ಮೂಲೆಯೂ ಇಲ್ಲವಲ್ಲ.

ಎರಡು ಗಂಟೆಯ ಹೊತ್ತಿಗೆ ಅವ್ವ ಎದ್ದು ಕೂತಳು. ಬಚ್ಚಲು ಹೊರಗಿತ್ತು, ಕಾಫಿ ಗಿಡಗಳ ನಡುವೆ ಚಪ್ಪಡಿ ಹಾಸಿದ ದಾರಿಯ ಕೊನೆಗೆ. ಅವ್ವನನ್ನು ಒಬ್ಬಳನ್ನೇ ಕಳಿಸುವಂತಿಲ್ಲ, ನಾನು ಹೋಗಬೇಕು. ನಾನು ಹೋದರೆ ಹೆಂಡತಿಗೆ ಒಳಗೆ ಭಯ. ಮಗಳಿಗೆ ಕಪ್ಪೆ. ಕೊನೆಗೆ ಮಳೆಯಲ್ಲಿ ಮನೆಮಂದಿಯೆಲ್ಲ ಮೆರವಣಿಗೆ ಹೊರಟೆವು. ಮುಂದೆ ಟಾರ್ಚು ಹಿಡಿದ ಭಾಮೈದ, ನಡುವೆ ಛತ್ರಿಯಡಿ ಅವ್ವ, ಹಿಂದೆ ಒಂದೇ ಜರ್ಕಿನ್ ಹೊದ್ದುಕೊಂಡ ತಾಯಿ ಮಗಳು, ಕೊನೆಗೆ ನಾನು. ಹೊರಡುವಾಗ ಗಿಡ್ಡ ಬಾಗಿಲಿಗೆ ಭಾಮೈದ ಹಣೆ ಗುದ್ದಿಕೊಂಡು, ನೋವಿಗೆ ಹೊಸಿಲ ಮೇಲೇ ನಿಂತುಬಿಟ್ಟ. "ಹೊಸ್ಲು ತುಳೀಬ್ಯಾಡ್ಲಾ!" ಅಂತ ಅವ್ವ ಹಿಂದಿನಿಂದ ಗದರಿದಳು. ಮಂಗೋಲರಿಗೂ ಹೊಸಿಲು ತುಳಿಯುವುದು ಮಹಾ ಅಪಚಾರವಂತೆ. ಆ ಮನೆಯಲ್ಲಿ ಅವ್ವನಿಗೂ ಅವರಿಗೂ ಹೊಂದಿಕೆಯಾದ ಮಾತು ಅದೊಂದೇ.

ಭಾಮೈದ ಇಂಬಳಕ್ಕೆಂದೇ, ಅಂದರೆ ಮಲೆನಾಡಿನ ಜಿಗಣೆಗೆಂದೇ, ವಿಶೇಷ ಕಾಲುಚೀಲ ತರಿಸಿದ್ದ. ಅವು ಕಾರಿನ ಡಿಕ್ಕಿಯಲ್ಲಿದ್ದವು, ಕಾರು ಮಂಜಿನಲ್ಲಿತ್ತು. ಇಂಬಳ ಹತ್ತಿದ್ದು ಗೊತ್ತಾಗುವುದಿಲ್ಲ. ಅದು ರಕ್ತ ಹೆಪ್ಪುಗಟ್ಟದ ಹಾಗೆ ತನ್ನದೇ ಒಂದು ರಸ ಬೆರೆಸಿ ಕುಡಿಯುತ್ತದೆ. ಅದು ಉಂಡು ಬಿಟ್ಟುಹೋದ ಮೇಲೂ ರಕ್ತ ಸುಮ್ಮನೆ ಸುರಿಯುತ್ತಿರುತ್ತದೆ. ಬಚ್ಚಲಿನ ಬಾಗಿಲ ಬಳಿ ಟಾರ್ಚಿನ ಬೆಳಕಿಗೆ ತನ್ನ ಕಾಲು ಕಂಡಾಗ ಬೆಂಗಳೂರಿನ ಆ ಆರಡಿ ಆಳು ಕೂಗಿದ ಕೂಗು ತೋಟದ ಮನೆಯವರೆಗೆ ಮುಟ್ಟಿತು. ಹುಲಿಯೋ ಚಿರತೆಯೋ ಅಂತ ತೋಟದ ಲೆಕ್ಕ ನೋಡಿಕೊಳ್ಳುವ ರೈಟರು ಲಾಟೀನು, ದೊಣ್ಣೆ ಹಿಡಿದು ಬಂದರು. ಅವರ ಮೈಮೇಲೆ ಕಂಬಳಿಕೊಪ್ಪೆ. ಅವ್ವನ ಕಣ್ಣು ಅದರ ಮೇಲೇ ನಿಂತಿತು. ಅಷ್ಟು ಮಳೆಯಲ್ಲಿ ಒಂದು ಹನಿ ಒಳಗಿಳಿಯದೆ ನೀರೆಲ್ಲ ಮೇಲಿಂದಲೇ ಜಾರಿ ಹೋಗುತ್ತಿತ್ತು. "ನೋಡ್ಲಾ, ಇದು ಕಂಬ್ಳಿ," ಅಂದಳು, ಸುಣ್ಣ ಹೊಗೆಸೊಪ್ಪು ಬೆರೆಸಿ ಭಾಮೈದನ ಮೀನಖಂಡಕ್ಕೆ ತಿಕ್ಕುತ್ತಾ.

ಉಳಿದ ರಾತ್ರಿಯನ್ನು ನಾವು ರೈಟರ ಮನೆಯ ಅಡುಗೆಕೋಣೆಯಲ್ಲಿ ಕಳೆದೆವು. ನಾಡಹೆಂಚಿನ ಇಳಿಜಾರು ಮಾಡು, ಹೊಗೆಗೆ ಕಪ್ಪಾದ ಅಟ್ಟ, ಕೆಳಗೆ ಉರಿಯುವ ಒಲೆ. ಮಳೆ ಹೆಂಚಿನ ಮೇಲೆ ಬಿದ್ದು ತನ್ನ ಪಾಡಿಗೆ ಸೂರಿನಿಂದ ಇಳಿದು ಹೋಗುತ್ತಿತ್ತು. ರೈಟರ ಹೆಂಡತಿ ಬೆಲ್ಲದ ಕಾಫಿ ಕಾಸಿ ಕೊಟ್ಟರು. ಅವ್ವ ಗೋಡೆಗೆ ಒರಗಿ ಕೂತು ಮೊದಲು ಕೇಳಿದ್ದು, "ಇದು ಈಶಾನ್ಯ ಮೂಲೆ ತಾನೆ?" ಹೌದು ಅಂದರು. ಗಣಪತಿ ಅಲ್ಲಿಗೆ ಹೋದ. ಬೆಳಗಿನ ಜಾವ ಸಿಳ್ಳಾರ ಹಕ್ಕಿ ಕೂಗತೊಡಗಿದಾಗ ಅವ್ವ, ಹೆಣ್ಣುಮಕ್ಕಳಿರೋ ಮನೆ ಮುಂದೆ ಈ ಹೊತ್ತಿಗೇ ಸಿಳ್ಳೆ ಹಾಕ್ತಿರೋ ಹುಡುಗ ಯಾವನು ಅಂತ ರೈಟರನ್ನು ದಬಾಯಿಸಿದ್ದೂ ಅಲ್ಲೇ ಕೂತು. ಹಕ್ಕಿ ಅಂತ ಅವರು ಎಷ್ಟು ಹೇಳಿದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಬೆಳಿಗ್ಗೆ ಮುಳ್ಳಯ್ಯನಗಿರಿ ತೊಳೆದಿಟ್ಟಂತೆ ಕಂಡಿತು. ಸುಮಾರು 1,930 ಮೀಟರ್, ರಾಜ್ಯಕ್ಕೇ ಎತ್ತರದ ಶಿಖರ. ಎಲ್ಲರೂ ಅದನ್ನು ನೋಡುತ್ತಿದ್ದರೆ ಅವ್ವ ಬಿಲ್ಲು ನೋಡುತ್ತಿದ್ದಳು. ಓದು ಬಾರದಿದ್ದರೂ ಮೊಮ್ಮಗಳ ಕೈಯಲ್ಲಿ ಸಾಲು ಸಾಲಾಗಿ ಓದಿಸಿದಳು. ಕೊನೆಯ ಸಾಲು, ಕ್ಯಾಂಪ್‌ಫೈರ್, ಆರುನೂರು ರೂಪಾಯಿ.

"ಬೆಂಕಿ ಎಲ್ಲಿ ಹಾಕಿದ್ರಿ?"

ಮಳೆ ಬಂತಲ್ಲ ಅಜ್ಜಿ, ಪ್ಯಾಕೇಜಿನಲ್ಲಿ ಸೇರಿಬಿಟ್ಟಿದೆ, ವಾಪಸ್ ಬರಲ್ಲ ಅಂದ ಹುಡುಗ. ಅವ್ವ ಜಗಳ ಮಾಡಲಿಲ್ಲ. "ಬ್ಯಾಡ ಬುಡಪ್ಪ, ದುಡ್ಡು ನೀನೇ ಇಟ್ಕೊ. ಸೌದೆ ನಮ್ದು." ಭಾಮೈದ ಬೇಡ ಅತ್ತೆ, ಮಾನ ಹೋಗುತ್ತೆ ಅಂತ ಗೋಗರೆಯುತ್ತಿದ್ದ ಹಾಗೆ, ಸೂರಿನಡಿ ಒಟ್ಟಿದ್ದ ಸಿಲ್ವರ್ ಸೌದೆಯಷ್ಟೂ ಇಂಬಳದ ಕಾಲುಚೀಲದ ಮೇಲೆ ಡಿಕ್ಕಿಗೆ ಸೇರಿತು. ಮುಚ್ಚಳ ಹಾಕಲು ಬರಲಿಲ್ಲ. ನನ್ನ ಹೆಂಡತಿಯ ವೇಲಿನಲ್ಲಿ ಕಟ್ಟಿದೆವು.

ಕೆಳಗೆ ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿದರು. ಗಾರ್ಡು ಹಿಂದಿನಿಂದ ಒಂದು ಸುತ್ತು ಬಂದು, ಕಿಟಕಿಯ ಹತ್ತಿರ ಬಗ್ಗಿ, ಗುಡ್ಡದಿಂದ ಸೌದೆ ಸಾಗಿಸುತ್ತಿರುವ ಬೆಂಗಳೂರು ನಂಬರಿನ ಕಾರನ್ನೂ, ಹಣೆ ಊದಿಕೊಂಡು, ಪ್ಯಾಂಟಿಗೆಲ್ಲ ರಕ್ತ ಮಾಡಿಕೊಂಡು ಸ್ಟಿಯರಿಂಗ್ ಹಿಡಿದು ಕೂತ ಭಾಮೈದನನ್ನೂ ನೋಡಿದ. ಭಾಮೈದ ನಡುಗುವ ಕೈಯಲ್ಲಿ ಬಿಲ್ಲು ಚಾಚಿದ. ಗಾರ್ಡು ನಿಧಾನವಾಗಿ ಓದಿದ.

"ಕ್ಯಾಂಪ್‌ಫೈರ್ ಅಂತ ಐತೆ. ಮನೇಲಿ ಹಚ್ತೀರಾ?"

"ಹ್ಞೂಂ ಕಣಪ್ಪ," ಅಂದಳು ಅವ್ವ ಹಿಂದಿನ ಸೀಟಿನಿಂದ. "ಹಂಡೆ ಒಲೆಗೆ. ಇವ್ನಿಗೆ ನೀರು ಕಾಯಿಸ್ಬೇಕು."